ದಪ್ಪಗಿದ್ದರೆ ತಂಪಾಗಿರುತ್ತಾ? ನನ್ನ ಆಕ್ಟೇವಿಯಾಗೆ ಇಂಟರ್‌ಕೂಲರ್ ಹುಡುಕಿದ್ದು

ಕೊಯಮತ್ತೂರಿನ ಕರಿ ಮೋಟರ್ ಸ್ಪೀಡ್‌ವೇನಲ್ಲಿ ಐದನೇ ಸುತ್ತಿಗೆ ನನ್ನ ಕಾರು ಸುಸ್ತಾಯಿತು. ಕೆಟ್ಟು ನಿಲ್ಲಲಿಲ್ಲ, ಡ್ಯಾಶ್‌ಬೋರ್ಡಿನಲ್ಲಿ ಯಾವ ದೀಪವೂ ಹತ್ತಲಿಲ್ಲ. ಸುಮ್ನೆ ದಮ್ಮು ಕಡಿಮೆಯಾಯಿತು. ಮೊದಲ ಎರಡು ಸುತ್ತಿನಲ್ಲಿ ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತಿತ್ತು. ಈಗ ಅದೇ ಜಾಗದಲ್ಲಿ ಒತ್ತಿದರೆ 'ಇರು, ಬರ್ತೀನಿ' ಅನ್ನೋ ಥರ.

ಕಾರು 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. ನೋಡೋಕೆ ಸಂಸಾರಸ್ಥರ ಗಾಡಿ, ಬಾನೆಟ್ ಕೆಳಗೆ 2 ಲೀಟರ್ ಟರ್ಬೊ ಪೆಟ್ರೋಲ್, 230 ಪಿಎಸ್ (ಎಚ್‌ಪಿ ಥರದ್ದೇ ಅಳತೆ). ವಾರಂಟಿ ಮುಗಿದ ಮೇಲೆ ಸ್ಟೇಜ್ 1 ರೀಮ್ಯಾಪ್, ಅಂದರೆ ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಸಾಫ್ಟ್‌ವೇರ್ ಬದಲಾವಣೆ, ಮಾಡಿಸಿದ್ದೆ. ಅದರಿಂದ ಸುಮಾರು 290 ಪಿಎಸ್ ಆಯಿತು. ಟರ್ಬೊ ಒತ್ತಿ ಕಳಿಸುವ ಬಿಸಿ ಗಾಳಿಯನ್ನು ಎಂಜಿನ್ನಿಗೆ ಹೋಗುವ ಮುಂಚೆ ತಂಪು ಮಾಡುವ ಇಂಟರ್‌ಕೂಲರ್ ಮಾತ್ರ ಕಂಪನಿಯದ್ದೇ ಉಳಿದಿತ್ತು.

ಪಿಟ್‌ಗೆ ಬಂದು ಒಬಿಡಿ ಡಾಂಗಲ್‌ನ (ಕಾರಿನ ಕಂಪ್ಯೂಟರಿಗೆ ಚುಚ್ಚಿ ಅಂಕಿಅಂಶ ಓದುವ ಸಾಧನ) ಲಾಗ್ ತೆರೆದೆ. ಹೊರಗೆ 34 ಡಿಗ್ರಿ. ಮೊದಲ ಸುತ್ತಿನಲ್ಲಿ ಎಂಜಿನ್ನಿಗೆ ಹೋಗುತ್ತಿದ್ದ ಗಾಳಿ 44 ಡಿಗ್ರಿ ಇತ್ತು, ಐದನೇ ಸುತ್ತಿಗೆ 71. ಗಾಳಿ ಅಷ್ಟು ಬಿಸಿಯಾದರೆ ಪೆಟ್ರೋಲ್ ಹೊತ್ತಿಗೆ ಮುಂಚೆ ತಾನೇ ಹೊತ್ತಿಕೊಳ್ಳಲು ನೋಡುತ್ತದೆ, ಎಂಜಿನ್ ನಾಕ್ ಹೊಡೆಯುತ್ತದೆ. ಇಸಿಯು ಅದನ್ನು ತಪ್ಪಿಸಲು ಸ್ಪಾರ್ಕ್ ಟೈಮಿಂಗನ್ನು ನಾಲ್ಕೈದು ಡಿಗ್ರಿ (ಇದು ಎಂಜಿನ್ ತಿರುಗುವ ಕೋನದ ಲೆಕ್ಕ, ಬಿಸಿಯದ್ದಲ್ಲ) ಹಿಂದಕ್ಕೆ ಎಳೆದಿತ್ತು, ಅಂದರೆ ಕಿಡಿ ತಡವಾಗಿ ಹಾರಿಸುತ್ತಿತ್ತು. ನನ್ನ ದುಡ್ಡು ಕೊಟ್ಟು ಹಾಕಿಸಿದ ಪವರ್ ಅಲ್ಲೇ ಹೋಗಿದ್ದು. ಈ ಟ್ರ್ಯಾಕ್ ಇರೋದು 2.1 ಕಿ.ಮೀ. ಮಾತ್ರ. ಮತ್ತೆ ಮತ್ತೆ ತಿರುವು, ಮತ್ತೆ ಮತ್ತೆ ಫುಲ್ ಬೂಸ್ಟ್ (ಟರ್ಬೊ ತುರುಕುವ ಗಾಳಿಯ ಒತ್ತಡ). ಇಂಟರ್‌ಕೂಲರ್ ಸುಧಾರಿಸಿಕೊಳ್ಳೋಕೆ ಪುರುಸೊತ್ತೇ ಸಿಗಲ್ಲ.

ಸೈಕಲ್ ಪಂಪ್ ಜೋರಾಗಿ ಒತ್ತಿದರೆ ತುದಿ ಸುಡುತ್ತಲ್ಲ, ಟರ್ಬೊ ಮಾಡೋದೂ ಅದನ್ನೇ. ಬೆಂಗಳೂರಲ್ಲಿ ಇನ್ನೊಂದು ತಾಪತ್ರಯ ಇದೆ. ನಾವಿರೋದು ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲೆ. ಇಲ್ಲಿ ಗಾಳಿಯ ಒತ್ತಡವೇ ಸುಮಾರು ಶೇ. 10 ಕಡಿಮೆ. ಅದೇ ಬೂಸ್ಟ್ ತಲುಪಲು ಟರ್ಬೊ ಜಾಸ್ತಿ ತಿರುಗಬೇಕು, ಗಾಳಿ ಜಾಸ್ತಿ ಕಾಯುತ್ತದೆ. ಒಂದು ರಾತ್ರಿ ಕೂತು ಲೆಕ್ಕ ಹಾಕಿದೆ. 30 ಡಿಗ್ರಿ ದಿನದಲ್ಲಿ, ಟರ್ಬೊದ ದಕ್ಷತೆ ಶೇ. 70 ಅಂತ ಹಿಡಿದರೆ, ಗಾಳಿ ಟರ್ಬೊದಿಂದ ಹೊರಬರುವಾಗ ಚೆನ್ನೈನಲ್ಲಿ 145ರ ಆಸುಪಾಸು, ಇಲ್ಲಿ 160. ಬೇರೆ ಇಂಟರ್‌ಕೂಲರ್ ಹಾಕಲೇಬೇಕು ಅಂತ ಅವತ್ತೇ ತೀರ್ಮಾನ ಮಾಡಿದೆ.

ತೀರ್ಮಾನ ಸರಿ ಇತ್ತು, ಖರೀದಿ ತಪ್ಪಿತು. ವ್ಯಾಗ್ನರ್, ಫೋರ್ಜ್, ಎಪಿಆರ್, ಡಿಒ88 ಅನ್ನೋ ವಿದೇಶಿ ಬ್ರ್ಯಾಂಡ್ ಎಲ್ಲರದ್ದೂ ನೋಡಿದೆ. ಶಿಪ್ಪಿಂಗ್, ಕಸ್ಟಮ್ಸ್ ಸೇರಿಸಿದರೆ ಲಕ್ಷದ ಹತ್ತಿರ ಹೋಗುತ್ತಿತ್ತು. ಅಷ್ಟರಲ್ಲಿ ಮೂರನೇ ಒಂದು ಭಾಗದ ಬೆಲೆಗೆ, ಎಲ್ಲದಕ್ಕಿಂತ ದಪ್ಪನೆಯ ಒಂದು ಕಾಪಿ ಮಾಲು ಕಣ್ಣಿಗೆ ಬಿತ್ತು. ದಪ್ಪ ಇದ್ದಷ್ಟೂ ಒಳ್ಳೇದು ಅಲ್ವಾ ಅಂದುಕೊಂಡೆ.

ಬಾಕ್ಸ್ ಬಂತು. ನಮ್ಮ ಮೆಕ್ಯಾನಿಕ್ ಅದನ್ನು ನೋಡಿದ ಕೂಡಲೇ ಒಂದು ಹಳೇ ಪೇಪರ್ ಹಾಸಿ, ಇಂಟರ್‌ಕೂಲರನ್ನು ಬೋರಲು ಹಿಡಿದು, ಅಂಗೈಯಿಂದ ಮೂರು ಸಲ ತಟ್ಟಿದರು. ಪೇಪರ್ ಮೇಲೆ ಅಲ್ಯೂಮಿನಿಯಂ ಚೂರು ಸಕ್ಕರೆ ಹರಳಿನ ಹಾಗೆ ಉದುರಿತು. "ಸಾರ್, ಇದು ನೇರ ಎಂಜಿನ್ ಒಳಗೆ ಹೋಗ್ತಿತ್ತು," ಅಂದರು. ತೊಳೆದು, ಒಣಗಿಸಿ, ಮತ್ತೆ ತೊಳೆದು ಹಾಕಿದೆವು. ಆಗಲೇ ವಾಪಸ್ ಕಳಿಸಬೇಕಿತ್ತು, ಹಟ ಬಿಡಲಿಲ್ಲ.

ಮೂರನೇ ದಿನಕ್ಕೆ ಚೆಕ್ ಎಂಜಿನ್ ದೀಪ, ಕೋಡ್ ಪಿ0299, ಅಂದರೆ ಬೂಸ್ಟ್ ಸಾಲುತ್ತಿಲ್ಲ. ಪೈಪಿನ ಬಾಯಿ ಮುಚ್ಚಿ, ಕಂಪ್ರೆಸರ್‌ನಿಂದ 1 ಬಾರ್ ಗಾಳಿ ಕೊಟ್ಟು, ಜಾಯಿಂಟ್‌ಗಳಿಗೆ ಸೋಪು ನೀರು ಹೊಡೆದೆವು. ಪಂಚರ್ ಅಂಗಡಿಯವರು ಟ್ಯೂಬ್ ಅದ್ದಿ ನೋಡ್ತಾರಲ್ಲ, ಹಾಗೆ. ಬಲಗಡೆ ಕ್ಲಿಪ್ ಕೂರುವ ಜಾಗದಲ್ಲಿ ಗುಳ್ಳೆ ಎದ್ದಿತು. ಅಂಚಿನ ಅಳತೆಯೇ ಒಂದು ಚೂರು ಹೆಚ್ಚು ಕಡಿಮೆ ಇತ್ತು. ಅದನ್ನೂ ಉಜ್ಜಿ ಸರಿ ಮಾಡಿದ್ದಾಯಿತು.

ಲೀಕ್ ನಿಂತ ಮೇಲೆ ನಿಜವಾದ ಪಾಠ ಶುರುವಾಯಿತು. ಈ ಕಾರಲ್ಲಿ ಮೊದಲು ಎಸಿ ಕಂಡೆನ್ಸರ್, ಅದರ ಹಿಂದೆ ಇಂಟರ್‌ಕೂಲರ್, ಅದರ ಹಿಂದೆ ರೇಡಿಯೇಟರ್. ಮೂರಕ್ಕೂ ಗಾಳಿ ಬರೋದು ಒಂದೇ ಗ್ರಿಲ್‌ನಿಂದ. ನಡುವೆ ದಪ್ಪ ಗೋಡೆ ನಿಲ್ಲಿಸಿದರೆ ಹಿಂದಿನದ್ದಕ್ಕೆ ಉಸಿರೇ ಇಲ್ಲ. ಸಿಲ್ಕ್ ಬೋರ್ಡ್ ಸಿಗ್ನಲ್ಲಲ್ಲಿ ರೇಡಿಯೇಟರ್ ಫ್ಯಾನ್ ನಿಲ್ಲಿಸದೆ ಕೂಗುತ್ತಿತ್ತು, ಎಸಿ ಬೆಚ್ಚಗಾಗುತ್ತಿತ್ತು. ಜಾಮ್‌ನಿಂದ ಹೊರಬಿದ್ದ ಮೇಲೆ ಎಂಜಿನ್ನಿನ ಒಳಗಾಳಿ 45 ಡಿಗ್ರಿಗೆ ಇಳಿಯಲು ಕಂಪನಿಯ ಇಂಟರ್‌ಕೂಲರ್‌ಗೆ ಒಂದು ಕಿಲೋಮೀಟರ್ ಸಾಕಿತ್ತು. ಇದಕ್ಕೆ ಮೂರು ಬೇಕಾಯಿತು.

ಕಾರಣ ಅಡುಗೆಮನೆಯಲ್ಲೇ ಇದೆ. ನಾನು ಹಾಕಿದ್ದು ಬಾರ್ ಅಂಡ್ ಪ್ಲೇಟ್, ಅಂದರೆ ದಪ್ಪ ಪಟ್ಟಿ, ತಗಡು ಪೇರಿಸಿ ಮಾಡಿದ್ದು. ಅದು ಕಬ್ಬಿಣದ ದೋಸೆ ಕಾವಲಿ ಇದ್ದ ಹಾಗೆ. ಕಾಯೋಕೂ ಹೊತ್ತು, ಆರೋಕೂ ಹೊತ್ತು. ಟ್ಯೂಬ್ ಅಂಡ್ ಫಿನ್ (ಕೊಳವೆಗಳ ನಡುವೆ ತೆಳು ರೆಕ್ಕೆಗಳಿರುವ ಬಗೆ) ತೆಳು ಅಲ್ಯೂಮಿನಿಯಂ ಪಾತ್ರೆ. ಬೇಗ ಕಾಯುತ್ತೆ, ಗಾಳಿ ಬಿದ್ದ ತಕ್ಷಣ ಆರುತ್ತೆ, ಹೊರಗಾಳಿಯನ್ನು ಹಿಂದಕ್ಕೂ ಬಿಡುತ್ತೆ. ಡ್ರ್ಯಾಗ್ ರೇಸ್‌ನಲ್ಲಿ ಹತ್ತು ಹದಿನೈದು ಸೆಕೆಂಡ್ ಓಡಿ ನಿಲ್ಲೋರಿಗೆ ಕಾವಲಿಯೇ ಸರಿ. ದಿನಾ ಟ್ರಾಫಿಕ್, ವರ್ಷಕ್ಕೆರಡು ಸಲ ಟ್ರ್ಯಾಕ್ ಅನ್ನೋ ನನಗಲ್ಲ. ಒಳ್ಳೆ ಬಾರ್ ಅಂಡ್ ಪ್ಲೇಟ್‌ಗಳೂ ಇವೆ, ಇಲ್ಲ ಅನ್ನಲ್ಲ. ನನ್ನದು ಆ ಜಾತಿಯದ್ದಲ್ಲ.

ಎರಡನೇ ಸಲ ಹುಷಾರಾದೆ. ಫೋಟೋ ನೋಡಲಿಲ್ಲ, ಪ್ರಶ್ನೆ ಕೇಳಿದೆ. ಒಳಗೆ ಹೋಗುವ ಒತ್ತಡಕ್ಕೂ ಹೊರಬರುವ ಒತ್ತಡಕ್ಕೂ ಎಷ್ಟು ವ್ಯತ್ಯಾಸ, ಅದನ್ನು ಎಷ್ಟು ಗಾಳಿ ಹರಿಸಿ ಅಳೆದಿರಿ? ತುದಿಯ ಟ್ಯಾಂಕ್‌ಗಳು ಎರಕ ಹೊಯ್ದವಾ, ತಗಡು ವೆಲ್ಡ್ ಮಾಡಿದವಾ? ಟ್ಯಾಂಕಿನ ಒಳಗಿನ ಫೋಟೋ ಕಳಿಸ್ತೀರಾ? ಗಾಳಿ ಎಲ್ಲ ಟ್ಯೂಬ್‌ಗಳಿಗೂ ಸಮನಾಗಿ ಹಂಚಿಹೋಗಬೇಕು ಅಂದರೆ ಟ್ಯಾಂಕಿನ ಆಕಾರ ಮುಖ್ಯ. ಇಲ್ಲದಿದ್ದರೆ ಅರ್ಧ ಕೋರ್ (ಟ್ಯಾಂಕ್‌ಗಳ ನಡುವಿನ ಟ್ಯೂಬ್‌ಗಳ ಭಾಗ) ಬರೀ ಶೋಗೆ. ಮೂವರು ಮಾರಾಟಗಾರರಲ್ಲಿ ಇಬ್ಬರು 'ಇಷ್ಟು ಎಚ್‌ಪಿ ಜಾಸ್ತಿ ಬರುತ್ತೆ' ಅಂತ ಬರೆದರು. ಒಬ್ಬರು ಕೇಳಿದ್ದಕ್ಕೆ ಉತ್ತರ ಕೊಟ್ಟರು. ಅವರ ಹತ್ತಿರವೇ ತಗೊಂಡೆ: ಟ್ಯೂಬ್ ಅಂಡ್ ಫಿನ್, ಎರಕದ ಟ್ಯಾಂಕ್, ಕಂಪನಿಯದಕ್ಕಿಂತ ಒಂದೂವರೆ ಪಟ್ಟು ಮಾತ್ರ ದಪ್ಪ. ಫಿನ್‌ಗಳು ತೀರಾ ಒತ್ತೊತ್ತಾಗಿರಬಾರದು ಅಂತಲೂ ನೋಡಿಕೊಂಡೆ. ನಮ್ಮ ಹೈವೇಗಳ ಧೂಳು, ರಾತ್ರಿಯ ಹುಳ ಎಲ್ಲ ಅಲ್ಲೇ ಸಿಕ್ಕಿಕೊಳ್ಳೋದು.

ಕೂರಿಸೋಕೆ ಬಂಪರ್ ಬಿಚ್ಚಿ, ಮುಂದಿನ ಫ್ರೇಮ್ ಎಳೆದು, ಒಂದು ಇಡೀ ದಿನ ಹಿಡಿಯಿತು. ಹಾಕುವ ಮುಂಚೆ ಪೇಪರ್ ಹಾಸಿ ತಟ್ಟಿದೆವು. ಏನೂ ಉದುರಲಿಲ್ಲ.

ಡೈನೊದಲ್ಲಿ (ಪವರ್ ಅಳೆಯುವ ಯಂತ್ರ) ಮೊದಲ ಪುಲ್, ಅಂದರೆ ಫುಲ್ ಆಕ್ಸಿಲರೇಟರ್ ಓಟ, ನೋಡಿ ನಿರಾಸೆಯಾಯಿತು. ಕಂಪನಿಯದ್ದು ಇದ್ದಾಗಿನದಕ್ಕಿಂತ ಬರೀ 5 ಎಚ್‌ಪಿ ಜಾಸ್ತಿ. ಬಿಡುವು ಕೊಡದೆ ನಾಲ್ಕು ಪುಲ್ ಮಾಡಿಸಿದೆ. ನಾಲ್ಕನೆಯದರಲ್ಲಿ ವ್ಯತ್ಯಾಸ 20ಕ್ಕೆ ಹೋಗಿತ್ತು. ಇಂಟರ್‌ಕೂಲರ್ ಹೊಸ ಪವರ್ ಕೊಡಲ್ಲ, ಇರೋದನ್ನು ಕಳೆದುಕೊಳ್ಳೋಕೆ ಬಿಡಲ್ಲ ಅಷ್ಟೇ. ಮುಂದಿನ ಟ್ರ್ಯಾಕ್ ದಿನ ಕೊಯಮತ್ತೂರಲ್ಲಿ 33 ಡಿಗ್ರಿ. ಐದನೇ ಸುತ್ತಿಗೆ ಒಳಗಾಳಿ 52.

ಆಮೇಲೆ ಮೆಕ್ಯಾನಿಕ್ ಒಂದು ಮಾತು ಹೇಳಿದರು. ಗ್ರಿಲ್‌ನಿಂದ ಬಂದ ಗಾಳಿ ಕೋರ್ ಒಳಗೆ ಹೋಗೋ ಬದಲು ಪಕ್ಕದ ಸಂದಿಯಿಂದ ನುಸುಳಿ ಹೋಗ್ತಿದೆ ಸಾರ್, ಮುಚ್ಚಿ ನೋಡೋಣ ಅಂತ. ಜೆ.ಸಿ. ರೋಡಿಂದ ಬಾಗಿಲಿಗೆ ಅಂಟಿಸುವ ಫೋಮ್ ಪಟ್ಟಿ ತಂದು ಸುತ್ತಲೂ ತುಂಬಿದೆವು. 180 ರೂಪಾಯಿ ಖರ್ಚು, ಇನ್ನೆರಡು ಡಿಗ್ರಿ ಇಳಿಯಿತು. ಲಕ್ಷ ಕೊಡುವ ಮುಂಚೆ ಇದನ್ನೇ ಮೊದಲು ಮಾಡಿ ನೋಡಬಹುದಿತ್ತು ಅಂತ ಈಗ ಅನಿಸುತ್ತೆ.

ಬಿಚ್ಚಿದ ಎರಡೂ ಇಂಟರ್‌ಕೂಲರ್ ಅಟ್ಟದ ಮೇಲಿವೆ. ಕಂಪನಿಯದ್ದು ಕಾರು ಮಾರುವಾಗ ಬೇಕು. ದಪ್ಪನೆಯದನ್ನು ಅಮ್ಮ ತೂಕಕ್ಕೆ ಹಾಕ್ತೀನಿ ಅಂತಿದ್ದಾರೆ. ಅಲ್ಯೂಮಿನಿಯಂ ಅಲ್ವಾ, ಒಳ್ಳೆ ರೇಟ್ ಸಿಗುತ್ತಂತೆ.