ಪ್ಲಾನ್ ಮೇಲೆ ಹುಣಸೆ ಬೀಜ ಓಡಿಸಿದ್ದು

ಹಾಸನದಲ್ಲಿ ನಮ್ಮದೊಂದು 30×40 ಸೈಟು, ಪೂರ್ವಕ್ಕೆ ರಸ್ತೆ. ಎಂಜಿನಿಯರ್ ಮೊದಲ ಪ್ಲಾನ್ ಕೊಟ್ಟ ದಿನವೇ ಫೋಟೋ ತೆಗೆದು ಇಡೀ ಬಳಗಕ್ಕೆ ಕಳಿಸಿದೆ. ‘ಹೇಗಿದೆ ಹೇಳಿ’ ಅಂತ. ಸಂಜೆಯೊಳಗೆ ಹನ್ನೊಂದು ಜನ ‘ಸೂಪರ್’ ಅಂದರು. ಒಬ್ಬರು ಗೃಹಪ್ರವೇಶ ಯಾವಾಗ ಅಂತ ಕೇಳಿದರು. ಪಾಯಕ್ಕೆ ಇನ್ನೂ ಗುದ್ದಲಿ ಬಿದ್ದಿರಲಿಲ್ಲ.

ತಪ್ಪು ಅವರದ್ದಲ್ಲ. ‘ಹೇಗಿದೆ’ ಅಂತ ಕೇಳಿದರೆ ಯಾರಾದರೂ ‘ಚೆನ್ನಾಗಿಲ್ಲ’ ಅಂತಾರಾ? ಅದೂ ಅಲ್ಲದೆ ಪ್ಲಾನ್ ಓದೋದು ಎಲ್ಲರಿಗೂ ಬರಲ್ಲ. ನನಗೂ ಬರುತ್ತಿರಲಿಲ್ಲ, ಬಂದವನ ಹಾಗೆ ತಲೆಯಾಡಿಸಿದ್ದೆ ಅಷ್ಟೇ.

ಅಮ್ಮನ ಹತ್ತಿರ ಬೇರೆ ಥರ ಕೇಳಿದೆ. ಪ್ಲಾನನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹಾಸಿ, ಅವಳ ಕೈಗೆ ಒಂದು ಹುಣಸೆ ಬೀಜ ಕೊಟ್ಟೆ. ‘ಚೌಕಾಬಾರದ ಕಾಯಿ ಅಂದ್ಕೋ. ಇದು ನೀನು. ಬೆಳಿಗ್ಗೆ ಐದೂವರೆ, ಈಗ ಎದ್ದೆ. ನಡೆಸು.’ ಅಮ್ಮ ನಕ್ಕಳು. ಆಮೇಲೆ ನಿಧಾನಕ್ಕೆ ಬೀಜ ಹೊರಟಿತು. ರೂಮಿನಿಂದ ಬಚ್ಚಲಿಗೆ, ಅಲ್ಲಿಂದ ಬಾಗಿಲಿಗೆ ನೀರು ಹಾಕಿ ರಂಗೋಲಿ ಇಡೋಕೆ, ಒಳಗೆ ಬಂದು ಒಲೆ ಹತ್ತಿರ. ಪಾತ್ರೆ ತೊಳೆಯೋ ಜಾಗಕ್ಕೆ ಬಂದು ನಿಂತುಬಿಟ್ಟಿತು.

‘ಇದು ಗೇಟಿನ ಎದುರಿಗೇ ಇದೆಯಲ್ಲೋ. ಇಲ್ಲಿ ಪಾತ್ರೆ ಉಜ್ಜಿದರೆ ಹೋಗೋರು ಬರೋರೆಲ್ಲ ನೋಡ್ಕೊಂಡು ಹೋಗ್ತಾರೆ.’

ವಾಸ್ತು ಪ್ರಕಾರ ಅಡುಗೆಮನೆ ಆಗ್ನೇಯಕ್ಕೆ ಬರಬೇಕು ಅಂತ ನಾವೇ ಹೇಳಿದ್ದೆವು. ನಮ್ಮ ಸೈಟಿಗೆ ಆಗ್ನೇಯ ಅಂದರೆ ರಸ್ತೆ ಕಡೆಯ ಮೂಲೆ. ಯುಟಿಲಿಟಿ, ಅಂದರೆ ಪಾತ್ರೆ ತೊಳೆಯೋ ಜಾಗ, ಅದಕ್ಕೆ ಅಂಟಿಕೊಂಡೇ ಬರಬೇಕಲ್ಲ, ಹಾಗಾಗಿ ಅದೂ ಮುಂದೆ ಬಂದು ಕೂತಿತ್ತು. ಪೂರ್ವಕ್ಕೆ ಬಾಗಿಲಿರೋ ಎಷ್ಟೋ ಮನೆಗಳಲ್ಲಿ ಇದೇ ತಾಪತ್ರಯ. ವಾಸ್ತು ನೋಡುವ ದೊಡ್ಡಪ್ಪನನ್ನು ಕೇಳಿದರೆ, ಜಗಳ ಮಾಡ್ತಾರೇನೋ ಅಂದುಕೊಂಡಿದ್ದೆ, ‘ಆಗ್ನೇಯ ಆಗಲಿಲ್ಲ ಅಂದ್ರೆ ವಾಯವ್ಯ ಇದೆಯಲ್ಲಪ್ಪ. ಅಡುಗೆ ಮಾಡೋರ ಮುಖ ಪೂರ್ವಕ್ಕಿರಲಿ, ಸಾಕು’ ಅಂದರು. ಅಡುಗೆಮನೆ ಹಿಂದಕ್ಕೆ ಹೋಯಿತು, ಪಾತ್ರೆ ತೊಳೆಯೋದು ಹಿತ್ತಲಿಗೆ. ರಸ್ತೆ ಕಡೆ ಮೂಲೆ ಅಮ್ಮನ ರೂಮಾಯಿತು. ಕಿಟಕಿಯಿಂದ ಬೀದಿ ಕಾಣುತ್ತೆ ಅಂತ ಅವಳಿಗೆ ಖುಷಿಯೋ ಖುಷಿ. ಪಾತ್ರೆ ಉಜ್ಜುವಾಗ ಜನ ನೋಡಬಾರದು, ತಾನು ಮಾತ್ರ ಜನರನ್ನು ನೋಡಬಹುದು!

ಎರಡನೆಯದು ನನ್ನ ಹೆಂಡತಿಯ ಕೆಲಸ. ಮನೆಯಲ್ಲಿ ಬಿದ್ದಿದ್ದ ಹಳೇ ಲಗ್ನಪತ್ರಿಕೆಗಳನ್ನು ಕತ್ತರಿಸಿ ಮಂಚ, ಬೀರು, ಫ್ರಿಜ್ಜು, ಸೋಫಾ ಮಾಡಿದಳು. ಗ್ರಾಫ್ ಹಾಳೆ ಮೇಲೆ ಒಂದು ಅಡಿಗೆ ಒಂದು ಸೆಂಟಿಮೀಟರ್ ಲೆಕ್ಕ. ಪ್ಲಾನಿನಲ್ಲೂ ಮಂಚದ ಚಿತ್ರ ಇತ್ತು, ಆದರೆ ಅದು ನಮ್ಮ ಮಂಚ ಅಲ್ಲ. ನಮ್ಮದು ಆರು ಅಡಿ ಅಗಲ, ಆರೂವರೆ ಉದ್ದ.

ನಮ್ಮ ರೂಮು 10×12. ಬಾಗಿಲು, ಕಿಟಕಿ ಇರೋ ಜಾಗ ನೋಡಿದರೆ ಮಂಚ ಹತ್ತಡಿ ಕಡೆಗೇ ಉದ್ದಕ್ಕೆ ಹಾಕಬೇಕು. ಕಾಲ ಕಡೆ ಗೋಡೆಗೆ ಎರಡಡಿ ಆಳದ ವಾರ್ಡ್‌ರೋಬ್. ಮಂಚ ಆರೂವರೆ, ವಾರ್ಡ್‌ರೋಬ್ ಎರಡು, ಉಳಿದದ್ದು ಒಂದೂವರೆ ಅಡಿ. ‘10 ಅಡಿ ಅನ್ನೋದು ಒಳಅಳತೆನೇನಾ?’ ಅಂತ ಎಂಜಿನಿಯರ್‌ಗೆ ಫೋನ್ ಮಾಡಿದೆ. ಒಳಅಳತೆನೇ, ಆದರೆ ಪ್ಲಾಸ್ಟರಿಂಗ್‌ಗೆ ಮುಂಚಿನದು. ಎರಡು ಕಡೆ ಅರ್ಧರ್ಧ ಇಂಚು ಮತ್ತೆ ಹೋಯಿತು. ವಾರ್ಡ್‌ರೋಬಿನ ಒಂದೂವರೆ ಅಡಿ ಅಗಲದ ಬಾಗಿಲು ತೆಗೆದರೆ ಮಂಚಕ್ಕೆ ಬಡಿಯುತ್ತೆ. ಸೀರೆ ತೆಗೆಯೋಕೆ ಮಂಚದ ಮೇಲೆ ಹತ್ತಬೇಕು. ವಾರ್ಡ್‌ರೋಬನ್ನು ಪಕ್ಕದ ಗೋಡೆಗೆ ಹಾಕಿ, ಬಾಗಿಲನ್ನು ಎರಡಡಿ ಸರಿಸಿದ್ದಕ್ಕೆ ಎಲ್ಲ ಸರಿಹೋಯಿತು. ಕಾಗದದ ಮೇಲೆ ಖರ್ಚಾಗಿದ್ದು ರಬ್ಬರ್ ಒಂದೇ.

ಆಮೇಲೆ ಸೈಟಿಗೆ ಹೋದೆವು. ಗಾರೆ ಮೇಸ್ತ್ರಿಯನ್ನು ಒಂದು ಬೆಳಿಗ್ಗೆ ಕರೆದು, ಟೇಪು ಹಿಡಿದು, ಸುಣ್ಣದ ಪುಡಿಯಲ್ಲಿ ಇಡೀ ಮನೆಯ ಗೆರೆ ಎಳೆಸಿದೆ. ನೋಡಿದರೆ ಎದೆ ಧಸಕ್ಕೆಂದಿತು. ರೂಮುಗಳು ಕೋಳಿಗೂಡಿನ ಹಾಗೆ ಕಂಡವು. ‘ಬಯಲಲ್ಲಿ ಹಂಗೇ ಸಾರ್, ಗೋಡೆ ಎದ್ದ ಮೇಲೆ ದೊಡ್ಡದಾಗುತ್ತೆ’ ಅಂದರು ಮೇಸ್ತ್ರಿ. ಅದು ನಿಜವೇ. ಹಾಗಾಗಿ ಕಣ್ಣನ್ನು ನಂಬದೆ ಮನೆಯಿಂದ ತಂದಿದ್ದ ಸಾಮಾನುಗಳನ್ನೇ ಇಟ್ಟು ನೋಡಿದೆವು. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಅಮ್ಮನ ವಾಕರ್. ಮಂಡಿನೋವು ಜಾಸ್ತಿಯಾದಾಗ ಅವಳು ವಾಕರ್ ಹಿಡಿದೇ ಓಡಾಡೋದು.

ವಾಕರ್ ನೋಡಿದ ಮೇಸ್ತ್ರಿ ಅಮ್ಮನ ಬಾತ್‌ರೂಮಿನ ಗೆರೆ ಹತ್ತಿರ ಕುಕ್ಕರಗಾಲಲ್ಲಿ ಕೂತರು. ‘ಇಲ್ಲಿ ಎರಡೂವರೆ ಅಡಿ ಬಾಗಿಲು ಬರ್ದಿದಾರೆ ಸಾರ್. ಬಾಗಿಲವಾಡ ಆ ಕಡೆ ಎರಡೂವರೆ ಇಂಚು, ಈ ಕಡೆ ಎರಡೂವರೆ ಇಂಚು ತಿನ್ನುತ್ತೆ. ಉಳಿಯೋದು ಎರಡಡಿ ಒಂದಿಂಚು. ತೆಗೆದ ಬಾಗಿಲು ಅದ್ರಲ್ಲೂ ಒಂಚೂರು ತಿನ್ನುತ್ತೆ.’ ಟೇಪು ವಾಕರ್ ಮೇಲೆ ಇಟ್ಟರು. ತಿಣುಕಿ ತೂರಿಸಬಹುದು ಅಷ್ಟೇ. ಗಾಲಿಕುರ್ಚಿ ಬಂದರೆ ಇಲ್ಲವೇ ಇಲ್ಲ. ಆ ಬಾಗಿಲು ಮೂರಡಿ ಆಯಿತು, ಹೊಸಿಲು ಹೋಯಿತು. ಇಡೀ ಪ್ಲಾನಿಗೆ ಸಿಕ್ಕ ಸಲಹೆಗಳಲ್ಲಿ ಇದಕ್ಕಿಂತ ದೊಡ್ಡದು ಯಾವುದೂ ಇಲ್ಲ ಅನ್ನೋದು ನನ್ನ ಲೆಕ್ಕ. ಮೇಸ್ತ್ರಿಯನ್ನು ಪ್ಲಾನ್ ಬಗ್ಗೆ ಯಾರೂ ಕೇಳಲ್ಲ, ಪಾಯ ತೆಗೆಯೋಕಷ್ಟೇ ಕರೀತೀವಿ.

ಇನ್ನು ಭಾವ. ‘ಹಾಲ್ ಚಿಕ್ಕದಾಯ್ತು, ಎರಡಡಿ ಬೆಳೆಸು’ ಅಂದರು. ಹಾಲ್ 12×16 ಇತ್ತು, ಚಿಕ್ಕದೇನಲ್ಲ. ಬೆಳೆಸಿದರೆ ಅಡುಗೆಮನೆ ಸಾಯುತ್ತೆ. ಯಾಕೆ ಹಾಗನ್ನಿಸ್ತು ಅಂತ ಕೆದಕಿದೆ. ‘ಸೋಫಾ ಎಲ್ಲಿ ಹಾಕ್ತೀಯ?’ ಎಣಿಸಿದರೆ ಹಾಲಿಗೆ ಐದು ಬಾಗಿಲು. ಗೋಡೆ ಅನ್ನೋದೇ ಉಳಿದಿರಲಿಲ್ಲ. ಎರಡು ಬಾಗಿಲನ್ನು ಒಂದು ಚಿಕ್ಕ ಓಣಿಯೊಳಗೆ ತಿರುಗಿಸಿದ್ದಕ್ಕೆ ಸೋಫಾಗೆ ಎಂಟಡಿ ಗೋಡೆ ಸಿಕ್ಕಿತು. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಜನರ ದೂರು ಮಾತ್ರ ಬರೆದುಕೊಂಡೆ. ‘ಹೀಗೆ ಮಾಡು’ ಅಂದದ್ದನ್ನು ಬರೆಯಲಿಲ್ಲ. ದೂರು ಹೆಚ್ಚಾಗಿ ನಿಜವೇ ಇರುತ್ತೆ. ಪರಿಹಾರ ಎಂಜಿನಿಯರ್ ಕೆಲಸ.

ಅತ್ತಿಗೆ ಕೇಳಿದ್ದು ಒಂದೇ ಪ್ರಶ್ನೆ, ‘ಸೋನೆ ಮಳೇಲಿ ಬಟ್ಟೆ ಎಲ್ಲಿ ಒಣಗಿಸ್ತೀರಿ?’ ಜುಲೈನಲ್ಲಿ ಹಾಸನದಲ್ಲಿದ್ದವರಿಗೆ ಇದರ ಸಂಕಟ ಗೊತ್ತು. ತಾರಸಿಯಲ್ಲಿ ಮೆಟ್ಟಿಲ ಪಕ್ಕ ಶೀಟು ಹಾಕಿಸೋದು ಅಂತಾಯಿತು. ಮೆಟ್ಟಿಲೂ ಹೊರಗೇ ಬಂತು, ಮುಂದೆ ಮೇಲೆ ಬಾಡಿಗೆಗೆ ಕಟ್ಟಿದರೆ ಅನುಕೂಲ ಅಂತ.

ಎಲ್ಲ ಸೇರಿ 14 ಅಂಶ. ದಿನಕ್ಕೊಂದು ಫೋನ್ ಮಾಡದೆ, ಒಂದೇ ಹಾಳೆಯಲ್ಲಿ ಬರೆದು ಒಂದೇ ಸಲ ಎಂಜಿನಿಯರ್ ಮುಂದೆ ಇಟ್ಟೆ, ಮಂಜೂರಾತಿಗೆ ಹಾಕೋಕೆ ಮುಂಚೆ. 12 ಒಪ್ಪಿದರು. ಎರಡು ಬಾತ್‌ರೂಮುಗಳನ್ನು ಬೇರೆ ಬೇರೆ ಕಡೆ ಹಾಕಿ ಅಂದದ್ದಕ್ಕೆ ಬಿಲ್‌ಕುಲ್ ಒಪ್ಪಲಿಲ್ಲ. ಬೆನ್ನಿಗೆ ಬೆನ್ನು ಇದ್ದರೆ ಪೈಪೆಲ್ಲ ಒಂದೇ ಗೋಡೆಯಲ್ಲಿ, ನಾಳೆ ಸೋರಿದರೂ ಹುಡುಕೋದು ಸುಲಭ ಅಂದರು. ಸರಿ ಅನ್ನಿಸಿತು. ಇನ್ನೊಂದು ನನ್ನದೇ ಆಸೆ, ಪಶ್ಚಿಮಕ್ಕೆ ದೊಡ್ಡ ಕಿಟಕಿ. ಮಳೆ ಇರಚಲೂ ಅಲ್ಲಿಂದಲೇ, ಮಧ್ಯಾಹ್ನದ ಬಿಸಿಲೂ ಅಲ್ಲಿಂದಲೇ ಅಂತ ಅದನ್ನೂ ಹೊಡೆದುಹಾಕಿದರು. ಸ್ವಲ್ಪ ಬೇಜಾರಾಯಿತು, ಇರಲಿ.

ಗೃಹಪ್ರವೇಶದ ದಿನ ಬಾಗಿಲಲ್ಲಿ ನಿಂತು ಬಂದವರನ್ನು ಕರೆಯುತ್ತಿದ್ದೆ. ಭಾವ ಗೇಟು ದಾಟಿ ಬಂದರು, ಮೆಟ್ಟಿಲ ಹತ್ತಿರ ನಿಂತರು, ಆ ಕಡೆ ನೋಡಿದರು, ಈ ಕಡೆ ನೋಡಿದರು. ಅವರ ಕಾಲ ಬಳಿ ಆಗಲೇ ಐವತ್ತು ಅರವತ್ತು ಜೊತೆ ಚಪ್ಪಲಿ ಗುಡ್ಡೆ ಬಿದ್ದಿತ್ತು.

‘ಅಲ್ಲಯ್ಯ, ಚಪ್ಪಲಿ ಸ್ಟ್ಯಾಂಡ್ ಎಲ್ಲಿ ಹಾಕಿಸಿದೀಯ?’