ಟಿಎಸ್‌ಎಚ್ ನಾರ್ಮಲ್ ಬಂತು, ಸುಸ್ತು ಮಾತ್ರ ಹೋಗ್ಲಿಲ್ಲ

ನಂಗೆ ಥೈರಾಯ್ಡ್ ಅಂತ ಗೊತ್ತಾಗಿದ್ದು ಚಿಕ್ಕವಳಿಗೆ ಮೂರು ವರ್ಷ ಆಗಿದ್ದಾಗ, ಅದಕ್ಕೂ ವರ್ಷದ ಮುಂಚಿಂದ್ಲೇ ಬಾಚಣಿಗೆ ತುಂಬಾ ಕೂದಲು, ಶಿವಮೊಗ್ಗದ ಏಪ್ರಿಲ್ ಸೆಕೇಲೂ ಕಾಲಿಗೆ ಸಾಕ್ಸ್ ಹಾಕ್ಕೊಂಡು ಮಲಗೋದು, ಬೆಳಗ್ಗೆ ಎದ್ರೆ ಮುಖ ಊದ್ಕೊಂಡಿರೋದು. ಅತ್ತೆ "ಎರಡು ಹೆತ್ತ ಮೈ ಕಣಮ್ಮ, ಹಂಗೇ" ಅಂದ್ರು, ನಾನೂ ನಂಬಿದ್ದೆ. ಟೆಸ್ಟ್ ಮಾಡಿಸಿದ್ರೆ ಟಿಎಸ್‌ಎಚ್ (ಥೈರಾಯ್ಡ್ ಗ್ರಂಥಿಗೆ ಕೆಲಸ ಮಾಡು ಅಂತ ಹೇಳೋ ಹಾರ್ಮೋನು, ಗ್ರಂಥಿ ಸೋತಷ್ಟೂ ಇದು ಏರುತ್ತೆ) 18, ನಾಲ್ಕು ಚಿಲ್ಲರೆ ಒಳಗಿರ್ಬೇಕಿತ್ತು. ಆಂಟಿ ಟಿಪಿಒ ಅನ್ನೋ ಆಂಟಿಬಾಡಿ ಕೂಡ ಜಾಸ್ತಿ, ಅಂದ್ರೆ ನಮ್ಮ ಮೈಯೇ ನಮ್ಮ ಗ್ರಂಥಿ ಮೇಲೆ ತಿರುಗಿಬೀಳೋದು, ಹಾಶಿಮೋಟೋ ಅಂತಾರೆ.

50 ಮೈಕ್ರೋಗ್ರಾಂ ಥೈರಾಯ್ಡ್ ಹಾರ್ಮೋನ್ ಮಾತ್ರೆ ಕೊಟ್ರು. ನಾನು ಮಾತ್ರೆ ನುಂಗಿ ಅದರ ಹಿಂದೇನೇ ಫಿಲ್ಟರ್ ಕಾಫಿ ಕುಡೀತಿದ್ದೆ, ಎರಡು ತಿಂಗಳಾದ್ರೂ 11 ಇತ್ತು. ಕಾಫಿ ಆ ಮಾತ್ರೆ ಮೈಗೆ ಸರಿಯಾಗಿ ಹತ್ತೋಕೆ ಬಿಡಲ್ವಂತೆ. ಈಗ ಐದೂವರೆಗೆ ಬರೀ ನೀರಲ್ಲಿ ಮಾತ್ರೆ, ಕಾಫಿ ಒಂದು ಗಂಟೆ ಆದ್ಮೇಲೆ. ಆ ಒಂದು ಗಂಟೆ ಕಾಯೋದಿದೆಯಲ್ಲ, ಇಡೀ ಟ್ರೀಟ್‌ಮೆಂಟಲ್ಲಿ ನಂಗೆ ಕಷ್ಟ ಆಗಿದ್ದು ಅದೊಂದೇ. ಡೋಸ್ 75 ಆಯ್ತು, ಟಿಎಸ್‌ಎಚ್ 2.4ಕ್ಕೆ ಇಳೀತು.

ರಿಪೋರ್ಟ್ ಚೆನ್ನಾಗಿದೆ, ನಾನು ಚೆನ್ನಾಗಿಲ್ಲ. ಸ್ಕೂಲಲ್ಲಿ ಎರಡನೇ ಮಹಡಿ ಹತ್ತೋಷ್ಟ್ರಲ್ಲಿ ಏದುಸಿರು, ಮತ್ತೆ ಹೇಳ್ಕೊಳ್ಳೋಕೆ ನಾಚ್ಕೆ, ಅಡುಗೆ ಮನೆಗೆ ಹೋದಾಗೆಲ್ಲ ಡಬ್ಬಿಯಿಂದ ಹಸಿ ಅಕ್ಕಿ ಮುಕ್ಕೋ ಚಟ ಹತ್ತಿತ್ತು. ಡೋಸ್ ಜಾಸ್ತಿ ಮಾಡಿ ಅಂತ ಕೇಳಿದ್ದಕ್ಕೆ ಡಾಕ್ಟ್ರು, ಸುಮ್ನೆ ಏರಿಸಿದ್ರೆ ಎದೆ ಬಡಿತ, ಮೂಳೆ ಸವೆತ ಎಲ್ಲ ಬರುತ್ತೆ ಅಂದು ಮುಟ್ಟು ಹೆಂಗಾಗುತ್ತೆ ಅಂತ ವಿಚಾರಿಸಿದ್ರು, ಅಕ್ಕಿ ವಿಷಯ ಹೇಳಿದ್ ತಕ್ಷಣ ಫೆರಿಟಿನ್ ಟೆಸ್ಟ್ ಬರೆದ್ರು, ಮೈಯಲ್ಲಿ ಕಬ್ಬಿಣಾಂಶ ಎಷ್ಟು ಕೂಡಿಟ್ಟಿದೆ ಅಂತ ನೋಡೋದು. 8 ಬಂತು. ಕಬ್ಬಿಣಾಂಶ ತಳ ಹಿಡಿದಿತ್ತು, ನಾನು ಎಲ್ಲಾನೂ ಥೈರಾಯ್ಡ್ ತಲೆಗೆ ಕಟ್ತಿದ್ದೆ.

ಇಲ್ಲೂ ಎಡವಟ್ಟು ಮಾಡ್ಕೊಂಡೆ ನೋಡಿ. ಎರಡೂ ಖಾಲಿ ಹೊಟ್ಟೆ ಮಾತ್ರೆ ತಾನೆ ಅಂತ ನಾನೇ ಲೆಕ್ಕ ಹಾಕಿ ಐರನ್ ಮಾತ್ರೇನೂ ಅದರ ಜೊತೆಗೇ ನುಂಗ್ತಿದ್ದೆ, ಮುಂದಿನ ಟೆಸ್ಟಲ್ಲಿ ಟಿಎಸ್‌ಎಚ್ ಮತ್ತೆ 7. ಹೊಟ್ಟೇಲಿ ಎರಡೂ ಒಂದಕ್ಕೊಂದು ಅಂಟ್ಕೊಂಡು ಥೈರಾಯ್ಡ್ ಮಾತ್ರೆ ರಕ್ತಕ್ಕೆ ಸರಿಯಾಗಿ ಸೇರಲ್ವಂತೆ. ನಾಲ್ಕು ಗಂಟೆ ಗ್ಯಾಪ್ ಬೇಕು, ಕ್ಯಾಲ್ಸಿಯಂ ಮಾತ್ರೆಗೂ ಅದೇ. ಈಗ ಐರನ್ ಸಂಜೆ ಸ್ಕೂಲಿಂದ ಬಂದ್ಮೇಲೆ, ನಿಂಬೆ ಶರಬತ್ ಜೊತೆ. ಮತ್ತೆ ಆರೇಳು ವಾರ ಬಿಟ್ಟು ಟೆಸ್ಟು, ಅದಕ್ಕಿಂತ ಮುಂಚೆ ಮಾಡಿಸಿದ್ರೆ ದುಡ್ಡು ದಂಡ, ಸರಿಯಾದ ಲೆಕ್ಕ ಸಿಗಲ್ಲ. ಕೂದಲಿಗೆ ಅಂತ ಬಯೋಟಿನ್ ಅನ್ನೋ ವಿಟಮಿನ್ ಮಾತ್ರೆ ತಗೋತಿದ್ರೆ ಟೆಸ್ಟಿಗೆ ಮುಂಚೆ ಡಾಕ್ಟ್ರಿಗೆ ಹೇಳಿ ಎರಡು ದಿನ ನಿಲ್ಲಿಸಿ, ರಿಪೋರ್ಟೇ ಉಲ್ಟಾ ತೋರಿಸ್ಬಹುದು. ಥೈರಾಯ್ಡ್ ಇದ್ರೆ ಕೋಸು ತಿನ್ಬೇಡ ಅಂತ ಪಕ್ಕದ ಮನೆಯವ್ರು ಹೇಳ್ತಾನೇ ಇರ್ತಾರೆ, ನಾನು ಬೇಯ್ಸಿ ಪಲ್ಯ ಮಾಡಿ ತಿಂತೀನಿ, ಏನೂ ಆಗಿಲ್ಲ.

ಫೆರಿಟಿನ್ 40 ದಾಟೋಕೆ ಆರು ತಿಂಗಳ ಮೇಲೇ ಹಿಡೀತು. ಏರಿದ್ದ ಒಂಬತ್ತು ಕೆಜೀಲಿ ಇಳಿದಿದ್ದು ಬರೀ ನಾಲ್ಕು, ಮಕ್ಕಳ ಹೆಸರು ಈಗ್ಲೂ ಕ್ಲಾಸಲ್ಲಿ ಒಂದೊಂದ್ಸಲ ಬಾಯಿಗೆ ಬರಲ್ಲ. ಮಹಡಿ ಮಾತ್ರ ಆರಾಮಾಗಿ ಹತ್ತುತೀನಿ, ಅಕ್ಕಿ ಡಬ್ಬಿ ಮುಚ್ಚಳ ತೆಗೆಯೋದು ಅನ್ನಕ್ಕೆ ಇಡೋವಾಗ ಅಷ್ಟೇ.