ಹಳೇ ಮೂಕಿ ಕೌಬಾಯ್ ಚಿತ್ರ ಕೂಡಿಡುವುದು ಹೇಗೆ?

ಮೊದಲು ‘ದಿ ಗ್ರೇಟ್ ಟ್ರೇನ್ ರಾಬರಿ’ ನೋಡಿ. 1903ರದ್ದು, ಬರೀ 12 ನಿಮಿಷ. ತೆಗೆದದ್ದು ಬಹುಪಾಲು ನ್ಯೂಜೆರ್ಸಿಯಲ್ಲಿ, ಪಶ್ಚಿಮದ ಮರುಭೂಮಿಯಲ್ಲಿ ಅಲ್ಲ! ಅದರಲ್ಲಿ ಸಣ್ಣಪುಟ್ಟ ಪಾತ್ರ ಮಾಡಿದ ಗಿಲ್ಬರ್ಟ್ ಆಂಡರ್ಸನ್ ಮುಂದೆ ‘ಬ್ರಾಂಕೋ ಬಿಲ್ಲಿ’ ಆಗಿ ಮೊದಲ ಕೌಬಾಯ್ ಸ್ಟಾರ್ ಆದ.

ಆಮೇಲೆ ನಟ ವಿಲಿಯಂ ಎಸ್. ಹಾರ್ಟ್. ನಗುವುದೇ ಕಡಿಮೆ. ಅವನ ‘ಹೆಲ್ಸ್ ಹಿಂಜಸ್’ (1916) ಕೊನೆಯಲ್ಲಿ ಇಡೀ ಊರೇ ಹೊತ್ತಿ ಉರಿಯುತ್ತದೆ, ನನಗಂತೂ ಇವತ್ತಿನ ಎಷ್ಟೋ ಆಕ್ಷನ್ ಸಿನಿಮಾಕ್ಕಿಂತ ಅದೇ ಜಾಸ್ತಿ ಇಷ್ಟ.

ಅಪರೂಪದ್ದು ಬೇಕಾದರೆ ಹಳೇ ಚಿತ್ರ ಕಾಪಾಡುವ ಆರ್ಕೈವ್‌ಗಳ ಸೈಟ್‌ನಲ್ಲೇ ಹುಡುಕಿ. ಅಮೆರಿಕದ ಮೂಕಿ ಫೀಚರ್ ಚಿತ್ರಗಳಲ್ಲಿ ಮೂಲ ರೂಪದಲ್ಲೇ ಪೂರ್ತಿ ಉಳಿದಿರುವುದು ಸುಮಾರು ಶೇ. 14 ಮಾತ್ರ, ಹಾಗಾಗಿ ಎಷ್ಟೋ ಪ್ರಿಂಟ್ ಸಿಕ್ಕಿದ್ದು ಹೊರದೇಶಗಳಲ್ಲಿ: ನಿರ್ದೇಶಕ ಜಾನ್ ಫೋರ್ಡ್‌ನ ‘ಸ್ಟ್ರೇಟ್ ಶೂಟಿಂಗ್’ (1917) ಜೆಕೊಸ್ಲೊವಾಕಿಯಾದಲ್ಲಿ, ಟೆಕ್ಸಾಸ್‌ನಲ್ಲಿ ತೆಗೆದ ‘ಬಿಲ್ಲಿ ಆ್ಯಂಡ್ ಹಿಸ್ ಪಾಲ್’ (1911) ನ್ಯೂಜಿಲೆಂಡ್‌ನಲ್ಲಿ.

ಡಿಸ್ಕ್ ಕೊಳ್ಳುವ ಮುನ್ನ ಅವಧಿ ನೋಡಿ. ಮೂಕಿಗಳನ್ನು ಹೆಚ್ಚಾಗಿ ಸೆಕೆಂಡಿಗೆ 16ರಿಂದ 20 ಫ್ರೇಮ್‌ನಲ್ಲಿ ತೆಗೆಯುತ್ತಿದ್ದರು. ಈಗಿನ ಸಿನಿಮಾದ ವೇಗ 24ರಲ್ಲಿ ಓಡಿಸಿದರೆ ಅವಧಿ ಕುಗ್ಗಿ, ಕುದುರೆಗಳು ಗಿರಗಿಟ್ಲೆ ಥರ ಓಡುತ್ತವೆ, ಅಲ್ವಾ? ಆಗ ರಾತ್ರಿ ದೃಶ್ಯಕ್ಕೆ ನೀಲಿ, ಬೆಂಕಿಗೆ ಕೆಂಪು ಬಣ್ಣ ಕೊಡುತ್ತಿದ್ದರು; ಅದು ಉಳಿದಿದ್ದರೆ ಆ ಪ್ರತಿಯನ್ನೇ ತೆಗೆದುಕೊಳ್ಳಿ. ಜೊತೆಗಿನ ಸಂಗೀತ ಸುಮ್ನೆ ತುಂಬಿಸಿದ್ದಾದರೆ ಮ್ಯೂಟ್ ಮಾಡಿ.

ಬೇಗ ಹೊತ್ತಿಕೊಳ್ಳುವ ಹಳೇ ನೈಟ್ರೇಟ್ ಫಿಲ್ಮ್ ರೀಲು ಸಿಕ್ಕರೆ ಮಾತ್ರ ಆಸೆಪಟ್ಟು ಮನೆಗೆ ತರಬೇಡಿ. ಬೆಂಕಿ ಹತ್ತಿದರೆ ನೀರಿನಲ್ಲೂ ಆರುವುದಿಲ್ಲ. ಆರ್ಕೈವ್‌ಗೆ ತಿಳಿಸಿ.